ಮೊದಲ ಬಾಣದ ಋಣ

ಅರಿಯದೆ ಮಾಡಿದ ಅಪರಾಧಕ್ಕೆ ಮನುಷ್ಯನು ಎಷ್ಟರ ಮಟ್ಟಿಗೆ ಹೊಣೆಗಾರನೆಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಪ್ರಾಯಶ್ಚಿತ್ತಪ್ರಕರಣಗಳಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಆ ಪ್ರಶ್ನೆಯೊಳಗಿನ ನೋವು ಎಂತಹುದೆಂಬುದನ್ನು ಅರಿಯಬೇಕಾದರೆ ನಾವು ಶಾಸ್ತ್ರಗ್ರಂಥಗಳನ್ನು ತುಸು ಬದಿಗಿರಿಸಿ ರಾಮಾಯಣ ಮಹಾಭಾರತಗಳ ಬೇಟೆಯ ಪ್ರಸಂಗಗಳನ್ನು ಓದಬೇಕು. ಸರಯೂತೀರದ ಕತ್ತಲೆಯಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಭಾವಿಸಿ ಬಾಣ ಬಿಟ್ಟ ದಶರಥ, ಜಿಂಕೆಯ ರೂಪದಲ್ಲಿ ವಿಹರಿಸುತ್ತಿದ್ದ ಕಿಂದಮ ಮುನಿಯನ್ನು ಜಿಂಕೆಯೆಂದೇ ಹೊಡೆದ ಪಾಂಡು, ಅರಣ್ಯದಲ್ಲಿ ಮಲಗಿದ್ದ ಶ್ರೀಕೃಷ್ಣನನ್ನು ಮೃಗವೆಂದು ಭ್ರಮಿಸಿ ಅಂಗಾಲಿಗೆ ಬಾಣ ನೆಟ್ಟ ಜರನೆಂಬ ವ್ಯಾಧ, ಈ ಮೂವರೂ ಕೊಲ್ಲಹೊರಟದ್ದು ಒಂದನ್ನು, ಕೊಂದದ್ದು ಇನ್ನೊಂದನ್ನು. ರಘುವಂಶದ ಮಹಾದುಃಖಕ್ಕೆ ಬೀಜವಾದುದೂ, ಪಾಂಡವರ ಜನ್ಮಕ್ಕೆ ಕಾರಣವಾದುದೂ, ಒಂದು ಅವತಾರವೇ ಸಮಾಪ್ತವಾದುದೂ ಬೇಟೆಗಾರನ ತಪ್ಪಿನಿಂದಲೇ ಎಂದ ಮೇಲೆ, ಮಹಾಕವಿಗಳು ಈ ತಪ್ಪನ್ನು ಕಥೆಯ ಅನುಕೂಲಕ್ಕಾಗಿ ತಂದರೆಂದು ಹೇಳಿ ಮುಗಿಸುವುದು ಉಚಿತವಾಗಲಾರದು.

ಬೇಟೆಯನ್ನು ಬಲ್ಲವರ ಮಾತನ್ನು ಮೊದಲು ಕೇಳೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯೂ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ನಮ್ಮಲ್ಲಿ ಅಪರಾಧವಾಗಿದೆ. ಅದು ಹಾಗೆಯೇ ಇರತಕ್ಕದ್ದು. ಆದರೆ ಆ ವಿದ್ಯೆಯು ಬದುಕಿದ್ದ ಕಾಲದಲ್ಲಿ ಅದರ ಅನುಭವ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಮೊದಲಾದ ಪುಸ್ತಕಗಳಲ್ಲಿ ಸೇರಿಕೊಂಡಿತು. ಬೆಂಗಳೂರಿನಲ್ಲಿಯೇ ಬಾಳಿದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ಕೋವಿ ಹಿಡಿದ ಹೊಸಬನಿಗೆ ಮಲೆನಾಡಿನ ಹಳಬರು ಗುರಿಯಿಡುವುದಕ್ಕಿಂತ ಮುಂಚೆ ಕಲಿಸುತ್ತಿದ್ದುದು ಸುಮ್ಮನಿರುವುದನ್ನು. ಗಾಳಿಯು ನಮ್ಮ ಕಡೆಯಿಂದ ಮಿಗದ ಕಡೆಗೆ ಬೀಸಬಾರದು, ಏಕೆಂದರೆ ಜಿಂಕೆಯ ಮೂಗು ನಮ್ಮನ್ನು ಕಣ್ಣಿಗಿಂತ ಬಹು ಮೊದಲೇ ಕಂಡುಕೊಳ್ಳುತ್ತದೆ. ಮರಸಿನ ಮೇಲೆ ಕುಳಿತವನು ಕೈಯನ್ನಾಗಲಿ ಕತ್ತನ್ನಾಗಲಿ ಅಲ್ಲಾಡಿಸಬಾರದು, ಏಕೆಂದರೆ ಮುಖದ ಎರಡು ಬದಿಗಳಲ್ಲಿರುವ ಅದರ ಕಣ್ಣುಗಳಿಗೆ ಆಕಾರಕ್ಕಿಂತ ಚಲನೆಯೇ ಬೇಗ ಗೋಚರವಾಗುತ್ತದೆ. ಈಡು ತಗುಲಿದ ಮಿಗದ ಹಿಂದೆ ಆ ಕ್ಷಣವೇ ಓಡಬಾರದು, ಓಡಿದರೆ ಅದು ನೋವಿನಲ್ಲಿಯೇ ಹರದಾರಿ ದೂರ ಹೋಗಿ ಯಾರ ಕೈಗೂ ಸಿಗದೆ ನರಳಿ ಸಾಯುತ್ತದೆ. ಹಾಗೆಂದು ನೆತ್ತರ ಜಾಡನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬರಲೂ ಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಪೂರ್ತಿ ಕಾಣದ ಯಾವುದರ ಮೇಲೂ ಕೋವಿಯನ್ನು ಎತ್ತತಕ್ಕದ್ದಲ್ಲ.

ಈ ಕೊನೆಯ ನಿಯಮವನ್ನು ಮುರಿಯುವುದೇ ಹೊಸಬನ ಮುಖ್ಯವಾದ ತಪ್ಪು. ಹಳುವನ್ನು ಸೋವುವವರ ಕೂಗು ಹತ್ತಿರವಾಗುತ್ತಿರುವಾಗ, ಎದೆ ಡವಗುಟ್ಟುತ್ತಿರುವಾಗ, ಕೈ ಸಣ್ಣಗೆ ನಡುಗುತ್ತಿರುವಾಗ, ಪೊದೆಯಲ್ಲಿ ಅಲುಗಿದ ಒಣಕೊಂಬೆ ಅವನಿಗೆ ಜಿಂಕೆಯ ಕೊಂಬಾಗಿ ಕಾಣುತ್ತದೆ. ತರಗೆಲೆಯ ಮೇಲೆ ಬಿದ್ದ ಯಾವ ಹೆಜ್ಜೆಯಾದರೂ ಗೊರಸಿನ ಹೆಜ್ಜೆಯಾಗಿ ಕೇಳುತ್ತದೆ. ಕಾಡುಪ್ರಾಣಿಯೆಂದು ಬಗೆದು ಜೊತೆಗೆ ಬಂದವನ ಮೇಲೆಯೇ ಗುಂಡು ಹಾರಿಸಿದ ಸುದ್ದಿಯು ಮಲೆನಾಡಿನ ಸೀಮೆಯಿಂದ ಇಂದಿಗೂ ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ವೇದಾಂತಿಗಳು ಅಧ್ಯಾಸವನ್ನು ವಿವರಿಸುವಾಗ ಮಸುಕು ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತವನ್ನು ಕೊಡುತ್ತಾರೆ. ಆ ದೃಷ್ಟಾಂತದಲ್ಲಿ ಇಲ್ಲದ್ದನ್ನು ತೋರಿಸುವುದು ಭಯ. ಬೇಟೆಗಾರನ ಪ್ರಸಂಗದಲ್ಲಿ ಇಲ್ಲದ್ದನ್ನು ತೋರಿಸುವುದು ಆಸೆ. ಭಯಪಟ್ಟವನು ಹಿಂದಕ್ಕೆ ಸರಿಯುತ್ತಾನಾದುದರಿಂದ ಅವನ ಭ್ರಮೆಯಿಂದ ಬಹುಶಃ ಅವನೊಬ್ಬನಿಗೇ ಕ್ಲೇಶ. ಆಸೆಪಟ್ಟವನು ಮುಂದಕ್ಕೆ ನುಗ್ಗುತ್ತಾನಾದುದರಿಂದ ಅವನ ಭ್ರಮೆಗೆ ಬೆಲೆ ತೆರುವವನು ಯಾವಾಗಲೂ ಇನ್ನೊಬ್ಬನು. ಆಸೆಯಿಂದ ಹುಟ್ಟುವ ಈ ಅಧ್ಯಾಸವನ್ನು ನಾವು ಇನ್ನೂ ಹೆಚ್ಚಾಗಿ ವಿಚಾರ ಮಾಡಬೇಕಾಗಿತ್ತೆಂದು ನನಗೆ ತೋರುತ್ತದೆ.

ಬೆಂಗಳೂರಿನ ರಾಜಾಜಿನಗರದ ರಾಮಮಂದಿರದಲ್ಲಿ ರಾಮನವಮಿಯ ದಿನಗಳಲ್ಲಿ ಸೇರುವ ಶ್ರೋತೃಗಳಲ್ಲಿ ದಶರಥನ ಮರಣದ ಕಥೆಯನ್ನು ಅರಿಯದವರು ಇರಲಾರರು. ಆದರೂ ವಾಲ್ಮೀಕಿಯು ಅದನ್ನು ಎಲ್ಲಿಟ್ಟು ಹೇಳಿದ್ದಾನೆಂಬುದನ್ನು ಗಮನಿಸಬೇಕು. ರಾಮನು ಕಾಡಿಗೆ ಹೋದ ಆರನೆಯ ರಾತ್ರಿ, ಪ್ರಾಣ ಹೋಗುವುದಕ್ಕೆ ಸ್ವಲ್ಪ ಮುಂಚೆ, ಮುದಿಯರಸನಿಗೆ ತನ್ನ ಯೌವನದ ಒಂದು ಮಳೆಗಾಲ ನೆನಪಾಗುತ್ತದೆ. ಇಷ್ಟು ವರ್ಷ ಮನಸ್ಸಿನ ಯಾವುದೋ ಮೂಲೆಯಲ್ಲಿ ಮುಚ್ಚಿಟ್ಟಿದ್ದುದನ್ನು ಅವನು ಕೌಸಲ್ಯೆಗೆ ಹೇಳಿಕೊಳ್ಳುತ್ತಾನೆ. ಆಗ ಅವನು ಯುವರಾಜ. ಕಾಣದ ಗುರಿಯನ್ನು ಸದ್ದಿನಿಂದಲೇ ಭೇದಿಸಬಲ್ಲ ಶಬ್ದವೇಧಿಯೆಂದು ಕೀರ್ತಿ ಪಡೆದಿದ್ದವನು. ರಾತ್ರಿ ನೀರು ಕುಡಿಯಲು ಬರುವ ಕಾಡೆಮ್ಮೆಯನ್ನೋ ಆನೆಯನ್ನೋ ಹೊಡೆಯಬೇಕೆಂದು ನದಿಯ ದಡದಲ್ಲಿ ಕಾದಿದ್ದನು. ಸದ್ದು ಕೇಳಿಸಿತು, ಬಾಣ ಹೋಯಿತು, ಮನುಷ್ಯನ ಆಕ್ರಂದನ ಬಂದಿತು. ಬಾಣವು ಗುರಿಯನ್ನು ತಪ್ಪಲಿಲ್ಲವೆಂಬುದೇ ಇಲ್ಲಿಯ ಘೋರವಾದ ಸಂಗತಿ. ಕೈಯ ಕೌಶಲದಲ್ಲಿ ಅವನು ಪ್ರವೀಣನು. ನೋಡುವುದರಲ್ಲಿ, ಕಾಯುವುದರಲ್ಲಿ ಇನ್ನೂ ಎಳೆಯನು. ಕೌಶಲವು ವಿವೇಕಕ್ಕಿಂತ ಮುಂದೆ ಓಡಿದಾಗ ಆಗುವ ಅನರ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮಡಿದ ಬಾಲಕನ ಕುರುಡು ತಂದೆಯು ಆಡಿದ ಮಾತಿನಲ್ಲಿ ನಮ್ಮ ಪ್ರಶ್ನೆಗೆ ಒಂದು ಸೂಕ್ಷ್ಮವಾದ ಉತ್ತರವಿದೆ. ತಿಳಿದು ಮಾಡಿದ್ದರೆ ನಿನ್ನ ತಲೆ ಏಳು ಹೋಳಾಗುತ್ತಿತ್ತು, ತಿಳಿಯದೆ ಮಾಡಿದೆಯಾದ್ದರಿಂದ ಬದುಕಿದ್ದೀಯೆ ಎಂಬ ಭಾವವನ್ನು ಮೊದಲು ಹೇಳಿ, ಅಜ್ಞಾನಕ್ಕೆ ಸಲ್ಲತಕ್ಕ ರಿಯಾಯಿತಿಯನ್ನು ಆ ತಪಸ್ವಿಯು ಪೂರ್ಣವಾಗಿ ಸಲ್ಲಿಸುತ್ತಾನೆ. ಆ ಮೇಲೂ ಶಾಪ ಬರುತ್ತದೆ: ನೀನೂ ಪುತ್ರಶೋಕದಿಂದಲೇ ಸಾಯುವೆ ಎಂದು. ಅಂದರೆ ಕವಿಯು ದೋಷವನ್ನು ಒಂದು ತಕ್ಕಡಿಯಲ್ಲಿಯೂ ಫಲವನ್ನು ಇನ್ನೊಂದು ತಕ್ಕಡಿಯಲ್ಲಿಯೂ ತೂಗಿದ್ದಾನೆ. ಅರಿವಿಲ್ಲದಿದ್ದುದರಿಂದ ದೋಷ ಕಡಮೆಯಾಯಿತು. ಸತ್ತ ಮಗನು ಮಾತ್ರ ಸತ್ತೇ ಇದ್ದನು. ಕೊಂದವನ ಮನಸ್ಸು ನಿರ್ದುಷ್ಟವಾಗಿದ್ದಿತೆಂಬ ಸಮಾಧಾನದಿಂದ ಆ ದಂಪತಿಗಳಿಗೆ ನೀರು ತಂದುಕೊಡುವವರು ಯಾರೂ ಬರಲಿಲ್ಲ. ಉದ್ದೇಶವೊಂದನ್ನೇ ನೋಡಿ ಕರ್ಮವನ್ನು ಅಳೆಯುವ ತತ್ತ್ವಜ್ಞಾನಕ್ಕೆ ಈ ಕುರುಡರ ಬಾಯಾರಿಕೆ ಕಾಣಿಸುವುದಿಲ್ಲ. ಪರಿಣಾಮವೊಂದನ್ನೇ ನೋಡುವ ತತ್ತ್ವಜ್ಞಾನಕ್ಕೆ ಯುವರಾಜನ ಪಶ್ಚಾತ್ತಾಪ ಕಾಣಿಸುವುದಿಲ್ಲ. ವಾಲ್ಮೀಕಿಗೆ ಎರಡೂ ಕಂಡಿವೆ.

ಪಾಂಡುವಿನ ಪ್ರಸಂಗದಲ್ಲಿ ಇನ್ನೊಂದು ಎಳೆಯಿದೆ. ರಾಜರಿಗೆ ಮೃಗವಧೆ ನಿಷಿದ್ಧವಲ್ಲವೆಂದು ಅವನು ಅಗಸ್ತ್ಯರ ಉದಾಹರಣೆಯನ್ನೇ ಎತ್ತಿ ವಾದಿಸುತ್ತಾನೆ. ಕಿಂದಮನು ಅದನ್ನು ಅಲ್ಲಗಳೆಯುವುದಿಲ್ಲ. ಮುನಿಯೆಂದು ಅರಿಯದೆ ಹೊಡೆದುದರಿಂದ ಬ್ರಹ್ಮಹತ್ಯೆಯ ದೋಷವೂ ಇಲ್ಲವೆನ್ನುತ್ತಾನೆ. ಅವನ ಆಕ್ಷೇಪ ಒಂದೇ: ಆ ಜೋಡಿಯ ಮಿಲನವು ಮುಗಿಯುವ ತನಕ ನೀನು ಕಾಯಬಹುದಾಗಿತ್ತು. ಅಧಿಕಾರವಿದ್ದವನಿಗೂ ಕಾಯುವ ಧರ್ಮವೊಂದುಂಟೆಂಬುದನ್ನು ಸಾಯುತ್ತಿರುವ ಮೃಗದ ಬಾಯಿಂದ ಹೇಳಿಸಿದ ವ್ಯಾಸರ ಔಚಿತ್ಯ ದೊಡ್ಡದು.

ಜೈನಾಚಾರ್ಯರು ಈ ವಿಚಾರವನ್ನು ಇನ್ನಷ್ಟು ನಿಷ್ಕೃಷ್ಟವಾಗಿ ನಿರೂಪಿಸಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು ಸೇರಿಸುತ್ತದೆ: ಎಚ್ಚರ ತಪ್ಪಿದ ಮನೋವಾಕ್ಕಾಯಗಳಿಂದ ಜೀವಕ್ಕೆ ಆಗುವ ಹಾನಿಯೇ ಹಿಂಸೆ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ಕೊಯ್ದದ್ದು ಹಿಟ್ಟಿನ ಕೋಳಿಯನ್ನು, ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ದಶರಥನಲ್ಲಿ ಮನುಷ್ಯನನ್ನು ಕೊಲ್ಲುವ ಸಂಕಲ್ಪವಿರಲಿಲ್ಲ, ಕೊಲೆ ನಡೆಯಿತು. ಯಶೋಧರನಲ್ಲಿ ಕೊಲೆ ನಡೆಯಲಿಲ್ಲ, ಸಂಕಲ್ಪವಿತ್ತು. ಈ ಎರಡರ ನಡುವಣ ವಿಶಾಲವಾದ ಪ್ರದೇಶವೇ ಪ್ರಮಾದದ್ದು, ಮತ್ತು ನಮ್ಮಂತಹ ಸಾಮಾನ್ಯರು ಆಯುಷ್ಯವನ್ನೆಲ್ಲ ಕಳೆಯುವುದು ಅಲ್ಲಿಯೇ. ಕೊಲ್ಲಬೇಕೆಂದು ಹೊರಡುವವರು ಕೆಲವರು. ನೋಡದೆ ಕೊಲ್ಲುವವರು ಅನೇಕರು. ತಿಳಿಯಲಿಲ್ಲವೆಂಬ ಮಾತು ನೆಪವಾಗುವುದೂ ಸತ್ಯವಾಗುವುದೂ ಒಂದು ಸಂಗತಿಯ ಮೇಲೆ ನಿಂತಿದೆ: ತಿಳಿಯುವುದಕ್ಕೆ ಅವಕಾಶವಿತ್ತೋ ಇಲ್ಲವೋ, ಇದ್ದರೆ ಅದನ್ನು ಬಳಸಿಕೊಂಡೆವೋ ಇಲ್ಲವೋ.

ಬೆಂಗಳೂರಿನ ವಿಜಯನಗರ ಬಡಾವಣೆಯ ಕಲ್ಯಾಣಮಂಟಪಗಳಲ್ಲಿ ಉಪನಯನ ನಡೆಯುವಾಗ ವಟುವನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಣ್ಣ ವಸ್ತು ಕಂಡಿರಬಹುದು. ಹೊಸ ಜನಿವಾರದ ಬಿಳಿಯ ಎಳೆಗಳಿಗೆ ಹೆಬ್ಬೆರಳಗಲದ ಒಂದು ಚರ್ಮದ ತುಂಡನ್ನು ಪೋಣಿಸಿರುತ್ತಾರೆ. ಒಂದು ಮಗ್ಗುಲಲ್ಲಿ ಒರಟಾದ ರೋಮ, ಇನ್ನೊಂದು ಮಗ್ಗುಲಲ್ಲಿ ಒಣಗಿ ಸೆಟೆದ ತೊಗಲು. ಹುಡುಗನು ಮುತ್ತುಗದ ದಂಡವನ್ನು ಹಿಡಿದು ಭಿಕ್ಷೆಗೆಂದು ಬಾಗಿದಾಗಲೆಲ್ಲ ಅದು ಅವನ ಎದೆಯ ಮೇಲೆ ತೂಗಾಡುತ್ತದೆ. ಕೃಷ್ಣಾಜಿನವೆಂದರೆ ಅದೇ. ಕೃಷ್ಣಮೃಗವು ಸ್ವಭಾವತಃ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ಮನುಸ್ಮೃತಿಯು ಹೇಳಿದೆ. ಮೃಗವು ನಿರ್ಭಯವಾಗಿ ಓಡಾಡುವುದನ್ನೇ ಧರ್ಮದ ಗುರುತಾಗಿ ಇಟ್ಟುಕೊಂಡ ಶಾಸ್ತ್ರಕ್ಕೆ, ಆ ಮೃಗವನ್ನು ಕೊಂದು ತಂದ ಚರ್ಮಕ್ಕಿಂತ ಮೃಗವು ಬದುಕಿರುವ ಬಯಲೇ ಹೆಚ್ಚು ಪ್ರಿಯವಾಗಿರಬೇಕೆಂದು ನಂಬುತ್ತೇನೆ. ಇಂದು ಕೃಷ್ಣಮೃಗದ ಚರ್ಮವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಆದುದರಿಂದ ಆ ತುಂಡಿಗಾಗಿ ಅಂಗಡಿಗಳಲ್ಲಿ ಗುಟ್ಟಾಗಿ ವಿಚಾರಿಸುವ ಗೃಹಸ್ಥರು ಅದನ್ನು ಬಿಟ್ಟು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೋ ರಾಣೆಬೆನ್ನೂರಿನ ಅಭಯಾರಣ್ಯಕ್ಕೋ ವಟುವನ್ನು ಕರೆದುಕೊಂಡು ಹೋಗಿ ಜೀವಂತವಾದ ಕೃಷ್ಣಮೃಗವನ್ನು ದೂರದಿಂದ ತೋರಿಸಿದರೆ ಬ್ರಹ್ಮಚರ್ಯದ ಮೊದಲ ಪಾಠವು ಲೋಪವಿಲ್ಲದೆ ಆದಂತಾಗುತ್ತದೆ. ವಿಜಯನಗರವೆಂದಾಗ ಒಂದು ಮಾತು ನೆನಪಿಗೆ ಬರುತ್ತದೆ. ಈ ಬಡಾವಣೆಗೆ ಹೆಸರನ್ನಿತ್ತ ಸಾಮ್ರಾಜ್ಯದ ಐತಿಹ್ಯವೂ ಬೇಟೆಯದೇ. ತುಂಗಭದ್ರೆಯ ದಡದಲ್ಲಿ ಮೊಲವೊಂದು ತಿರುಗಿ ನಿಂತು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋದುದನ್ನು ಕಂಡ, ಆ ಸಾಮ್ರಾಜ್ಯವನ್ನು ಮುಂದೆ ಕಟ್ಟಿದ ಸೋದರರು ಆ ಸೋಜಿಗದ ಅರ್ಥವೇನೆಂದು ವಿದ್ಯಾರಣ್ಯರಲ್ಲಿಗೆ ಹೋಗಿ ಕೇಳಿದರಂತೆ. ಚರಿತ್ರಕಾರರು ಈ ಕಥೆಯನ್ನು ಒಪ್ಪದಿರಬಹುದು. ಬೇಟೆಗೆ ಬಂದವರು ಬಿಲ್ಲನ್ನು ಇಳಿಸಿ ನಿಂತು ನೋಡಿದರೆಂಬುದೇ ನನಗೆ ಆ ಕಥೆಯಲ್ಲಿ ಬೆಲೆಯುಳ್ಳ ಭಾಗ.

ಇಲ್ಲಿಯವರೆಗೆ ಹೇಳಿದುದೆಲ್ಲವೂ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಥೆಗೆ ಪೀಠಿಕೆ. ಅದು ವನಪರ್ವದಲ್ಲಿ ಮಾರ್ಕಂಡೇಯರು ಯುಧಿಷ್ಠಿರನಿಗೆ ಹೇಳಿದ ಧರ್ಮವ್ಯಾಧನ ಕಥೆ. ರಾಜಾಜಿನಗರಕ್ಕೆ ಯಾರ ಹೆಸರು ಬಂದಿದೆಯೋ ಆ ಚಕ್ರವರ್ತಿ ರಾಜಗೋಪಾಲಾಚಾರ್ಯರು ತಮ್ಮ ಮಹಾಭಾರತದಲ್ಲಿ ಇದನ್ನು ಸರಳವಾಗಿ ಹೇಳಿದ್ದಾರೆ. ನಮ್ಮ ಹರಿಕಥಾವಿದ್ವಾಂಸರೂ ಹೇಳುತ್ತಾರೆ. ಕೌಶಿಕನೆಂಬ ಬ್ರಾಹ್ಮಣನು ಮರದ ಕೆಳಗೆ ವೇದಾಧ್ಯಯನ ಮಾಡುತ್ತಿರುವಾಗ ಕೊಕ್ಕರೆಯೊಂದು ಅವನ ಮೇಲೆ ಹಿಕ್ಕೆ ಹಾಕಿತು. ಅವನು ಕೋಪದಿಂದ ನೋಡಿದನು, ಅದು ಸತ್ತು ಬಿದ್ದಿತು. ಭಿಕ್ಷೆಗೆ ಹೋದ ಮನೆಯ ಗೃಹಿಣಿಯು ಪತಿಯ ಸೇವೆಯಲ್ಲಿ ತೊಡಗಿ ತಡಮಾಡಿದಳೆಂದು ಮತ್ತೆ ಕೋಪಗೊಂಡಾಗ, ತಾನು ಕೊಕ್ಕರೆಯಲ್ಲವೆಂದು ಅವಳು ಅವನಿಗೆ ತಿಳಿಸಿ, ಧರ್ಮವನ್ನರಿಯಲು ಮಿಥಿಲೆಯ ಮಾಂಸದಂಗಡಿಯ ವ್ಯಾಧನಲ್ಲಿಗೆ ಕಳುಹಿಸಿದಳು. ಇಷ್ಟು ಎಲ್ಲರೂ ಬಲ್ಲರು. ಬಹುಮಟ್ಟಿಗೆ ಕಥೆಗಾರರು ಬಿಟ್ಟುಬಿಡುವ ಭಾಗವೆಂದರೆ ಆ ವ್ಯಾಧನು ಸಂವಾದದ ಕೊನೆಯಲ್ಲಿ ತನ್ನ ಪೂರ್ವಜನ್ಮದ ಬಗೆಗೆ ಹೇಳಿಕೊಳ್ಳುವ ಮಾತು.

ಪೂರ್ವಜನ್ಮದಲ್ಲಿ ಅವನು ವೇದವೇದಾಂಗಗಳನ್ನು ಓದಿದ ಬ್ರಾಹ್ಮಣನು. ಧನುರ್ವಿದ್ಯೆಯಲ್ಲಿ ಪಳಗಿದ ಒಬ್ಬ ಅರಸನ ಸ್ನೇಹವಾಯಿತು. ಸಹವಾಸದಿಂದ ಅವನೂ ಬಿಲ್ಲು ಹಿಡಿಯುವುದನ್ನು ಕಲಿತನು. ಒಂದು ದಿನ ಅರಸನು ಪರಿವಾರಸಹಿತನಾಗಿ ಬೇಟೆಗೆ ಹೊರಟಾಗ ಇವನೂ ಜೊತೆಗೂಡಿದನು. ಆಶ್ರಮವೊಂದರ ಸಮೀಪದಲ್ಲಿ ಜಿಂಕೆಗಳು ಬಹಳವಾಗಿ ಬಿದ್ದವು. ಇವನೂ ಒಂದು ಬಾಣವನ್ನು ಬಿಟ್ಟನು. ಅದು ಹೋಗಿ ಋಷಿಯೊಬ್ಬನಿಗೆ ತಗುಲಿತು. ಯಾರಿಗೂ ಅಪರಾಧ ಮಾಡದ ನನ್ನನ್ನು ಯಾವ ಪಾಪಿಯು ಹೊಡೆದನೆಂದು ಋಷಿಯು ನೆಲದ ಮೇಲೆ ನರಳುತ್ತಿದ್ದನು. ಮೃಗವೆಂದೇ ಭಾವಿಸಿ ಓಡಿಬಂದ ಬ್ರಾಹ್ಮಣನು ಅದನ್ನು ಕಂಡು ನಡುಗಿಹೋಗಿ, ತಿಳಿಯದೆ ಮಾಡಿದೆ, ಕ್ಷಮಿಸಬೇಕೆಂದು ಬೇಡಿಕೊಂಡನು. ಕ್ರೂರನಾದ ವ್ಯಾಧನಾಗಿ ಹುಟ್ಟೆಂದು ಋಷಿಯು ಶಪಿಸಿದನು; ಆ ಮೇಲೆ ಮರುಗಿ, ವ್ಯಾಧನಾದರೂ ಧರ್ಮಜ್ಞನಾಗುವೆ, ತಾಯಿತಂದೆಗಳ ಸೇವೆ ಮಾಡುವೆ, ಪೂರ್ವಜನ್ಮದ ಸ್ಮರಣೆಯೂ ಇರುವುದೆಂದು ಅನುಗ್ರಹಿಸಿದನು. ಬ್ರಾಹ್ಮಣನು ಋಷಿಯ ದೇಹದಿಂದ ಬಾಣವನ್ನು ಕಿತ್ತು ಅವನನ್ನು ಆಶ್ರಮಕ್ಕೆ ಕರೆದೊಯ್ದನು. ಋಷಿಯು ಸಾಯಲಿಲ್ಲ.

ಅಧ್ಯಯನಶೀಲನಾದವನೊಬ್ಬ ಗೆಳೆಯನ ಸಂಗಡ ಹೋಗಿ, ಹೊಸ ಉತ್ಸಾಹದಲ್ಲಿ, ಬಾಣದ ಆಚೆಗೆ ಏನಿದೆಯೆಂದು ನೋಡದೆ ಬಿಟ್ಟ ಆ ಬಾಣವು ಪ್ರತಿಯೊಬ್ಬ ಹೊಸಬನ ಬಾಣ. ಆದರೆ ಈ ಕಥೆಯು ದಶರಥನ ಕಥೆಯಂತೆ ದುಃಖದಲ್ಲಿ ಮುಗಿಯದೆ ಬೇರೆ ದಾರಿಯನ್ನು ಹಿಡಿಯುತ್ತದೆ. ದಶರಥನಿಗೆ ತನ್ನ ತಪ್ಪು ನೆನಪಾದುದು ಅಂತ್ಯಕಾಲದಲ್ಲಿ. ವ್ಯಾಧನಿಗೆ ಅದರ ನೆನಪು ಹುಟ್ಟಿನಿಂದಲೇ ಜೊತೆಗಿತ್ತು, ಅದೂ ವರದ ರೂಪದಲ್ಲಿ. ನೆನಪಿಟ್ಟುಕೊಂಡ ತಪ್ಪು ಅವನಿಗೆ ಒಂದು ನಡತೆಯಾಯಿತು. ನಾನು ಕೊಲ್ಲುವುದಿಲ್ಲ, ಇತರರು ಕೊಂದುದನ್ನು ಮಾರುತ್ತೇನೆ, ನಾನು ತಿನ್ನುವುದಿಲ್ಲ ಎನ್ನುತ್ತಾನೆ; ಹಾಗೆಂದು ತಾನು ಶುದ್ಧನೆಂದು ಬೀಗುವುದೂ ಇಲ್ಲ. ನೇಗಿಲು ಹೂಡುವವನಿಂದಲೂ ನೆಲದೊಳಗಣ ಎಷ್ಟೋ ಜೀವಗಳು ಸಾಯುತ್ತವೆ, ನಡೆಯುವವನ ಕಾಲಿನಡಿಯಲ್ಲಿಯೂ ಸಾಯುತ್ತವೆ, ಅಹಿಂಸೆಯಲ್ಲಿ ಎಷ್ಟೇ ನಿಷ್ಠೆಯುಳ್ಳವರಿಂದಲೂ ಹಿಂಸೆ ಆಗಿಯೇ ತೀರುತ್ತದೆ, ಆದರೂ ಯತ್ನದಿಂದ ಅದನ್ನು ಕಡಮೆ ಮಾಡಬಹುದು ಎಂಬುದು ಅವನ ಉಪದೇಶದ ಸಾರ. ಈ ಮಾತನ್ನು ಕೇಳುತ್ತಿರುವವನಾದರೂ ಯಾರು? ಕೊಕ್ಕರೆಯನ್ನು ಕೋಪದಿಂದ ಸುಟ್ಟವನು. ಹೇಳುತ್ತಿರುವವನು ಋಷಿಗೆ ಬಾಣ ಹೊಡೆದವನು. ಅಹಿಂಸೆಯ ಬಗೆಗೆ ನಮ್ಮ ದೇಶದಲ್ಲಿ ನಡೆದ ಬಹು ಶ್ರೇಷ್ಠವಾದ ಸಂವಾದಗಳಲ್ಲೊಂದನ್ನು ವ್ಯಾಸರು ಕೈಗೆ ರಕ್ತ ಹತ್ತಿದ ಇಬ್ಬರ ನಡುವೆ ನಡೆಸಿದ್ದಾರೆ. ನಿಷ್ಕಳಂಕರಿಗಷ್ಟೇ ಧರ್ಮೋಪದೇಶದ ಅಧಿಕಾರವೆಂಬ ಅಭಿಪ್ರಾಯವನ್ನು ಈ ಒಂದು ಸನ್ನಿವೇಶವು ಬುಡಸಹಿತ ಕಿತ್ತುಹಾಕುತ್ತದೆ.

ಇನ್ನೂ ಒಂದು ಸಂಗತಿ ಇದೆ, ಅದನ್ನು ಗಮನಿಸಿದಾಗ ನನಗೆ ಎರಡು ಮಹಾಕಾವ್ಯಗಳೂ ಒಂದಕ್ಕೊಂದು ಕೈಚಾಚಿದಂತೆ ತೋರಿತು. ವ್ಯಾಧನು ಕೌಶಿಕನಿಗೆ ಕೊನೆಯಲ್ಲಿ ವಿಧಿಸುವ ಕರ್ತವ್ಯವೇನು? ವೇದ ಕಲಿಯುವ ಆತುರದಲ್ಲಿ ಅಪ್ಪಣೆಯನ್ನೂ ಕೇಳದೆ ಮನೆಬಿಟ್ಟು ಬಂದಿದ್ದೀಯೆ; ನಿನ್ನ ಮುದಿ ತಾಯಿತಂದೆಗಳು ಶೋಕದಿಂದ ಕುರುಡರಾಗಿದ್ದಾರೆ; ಹೋಗಿ ಅವರನ್ನು ಪ್ರಸನ್ನಗೊಳಿಸು. ಕೌಶಿಕನು ಹೋದನು. ಸರಯೂತೀರದ ಕುರುಡು ದಂಪತಿಗಳಿಂದ ಬೇಟೆಗಾರನೊಬ್ಬನ ಬಾಣವು ಮಗನನ್ನು ಕಿತ್ತುಕೊಂಡಿತು. ಈ ಕುರುಡು ದಂಪತಿಗಳಿಗೆ ಬೇಟೆಗಾರನೊಬ್ಬನ ಮಾತು ಮಗನನ್ನು ಹಿಂದಿರುಗಿಸಿತು.

ಬೇಟೆಯೇ ಇಲ್ಲದ ಕಾಲದಲ್ಲಿ ಈ ವಿಚಾರವೇಕೆಂದು ಕೇಳುವವರು ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ರಜೆಯ ಮುಂಜಾವಿನಲ್ಲಿ ಸಾಗುವ ಕಾರುಗಳ ಸಾಲನ್ನು ನೋಡಬೇಕು. ಅವುಗಳಲ್ಲಿ ಎಷ್ಟೋ ಕಾರುಗಳು ಗುಂಡ್ಲುಪೇಟೆಯ ಆಚೆಗೆ ಬಂಡೀಪುರದ ಕಾಡಿನೊಳಕ್ಕೆ ಹೋಗುತ್ತವೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ಹೆದ್ದಾರಿಗಳಲ್ಲಿ ವಾಹನಸಂಚಾರವನ್ನು 2009ರಲ್ಲಿ ನಿಷೇಧಿಸಿದುದು ಏತಕ್ಕೆಂದರೆ, ಕತ್ತಲೆಯಲ್ಲಿ ದೀಪದ ಬೆಳಕು ಕಣ್ಣಿಗೆ ಬಿದ್ದ ಜಿಂಕೆಯು ಓಡುವುದಿಲ್ಲ. ಕಣ್ಣುಗಳೆರಡೂ ಹೊಳೆಯುತ್ತ, ಕಿವಿಗಳು ನಿಮಿರಿ, ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಹಿಂದೆ ಕಳ್ಳಬೇಟೆಯವರು ದೀಪ ಹಾಯಿಸಿ ಹೊಡೆಯುತ್ತಿದ್ದುದು ಇದೇ ಸ್ವಭಾವವನ್ನು ಬಳಸಿಕೊಂಡು. ನಿಷೇಧವು ಮುಗಿದ ನಸುಕಿನಲ್ಲಿ, ಎಚ್ಚರಿಕೆಯ ಫಲಕಗಳನ್ನು ಒಂದರ ಮೇಲೊಂದಾಗಿ ದಾಟಿ, ವೇಗವನ್ನು ತಗ್ಗಿಸದೆ ಹೋದವನಿಗೆ ಜಿಂಕೆಯು ಅಡ್ಡಬಂದಿತೆಂದು ಹೇಳುವ ಹಕ್ಕಿಲ್ಲ. ಕಾಣಲಿಲ್ಲವೆಂದು ಅವನು ಹೇಳಿದರೆ ಅದು ನಿಜವೇ ಆಗಿರಬಹುದು. ಸರಯೂತೀರದಲ್ಲಿಯೂ ಅದು ನಿಜವಾಗಿತ್ತು. ನಿಂತು ಇಳಿದು, ಬಿದ್ದ ಪ್ರಾಣಿಯಲ್ಲಿ ಉಸಿರಿದೆಯೆ ಎಂದು ನೋಡಿ, ಅರಣ್ಯದ ಠಾಣೆಗೆ ತಿಳಿಸುವವನು ಬಾಣವನ್ನು ಕಿತ್ತು ಋಷಿಯನ್ನು ಆಶ್ರಮಕ್ಕೆ ಕರೆದೊಯ್ದವನ ಪಂಕ್ತಿಗೆ ಸೇರಿದವನು; ಕನ್ನಡಿಯಲ್ಲಿಯೂ ಹಿಂದಿರುಗಿ ನೋಡದೆ ಮುಂದೆ ಹೋಗುವವನು ನೆತ್ತರ ಜಾಡನ್ನು ಬಿಟ್ಟು ಮನೆಗೆ ಬಂದ ಬೇಟೆಗಾರನಿಗಿಂತ ಕಡೆಯಾದವನು.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಮನೆಯ ಮಕ್ಕಳಿಗೆ ಧರ್ಮವ್ಯಾಧನ ಕಥೆಯನ್ನು ಹೇಳುವಾಗ ಕೊಕ್ಕರೆಯ ಪ್ರಸಂಗಕ್ಕೂ ಗೃಹಿಣಿಯ ಮಾತಿಗೂ ನಿಲ್ಲಿಸಬೇಡಿ. ವನಪರ್ವದ ಸಂಪೂರ್ಣ ಅನುವಾದವೊಂದನ್ನು ಬಡಾವಣೆಯ ಗ್ರಂಥಾಲಯದಿಂದಲಾದರೂ ತಂದು, ಆ ಬ್ರಾಹ್ಮಣನು ಬೇಟೆಗೆ ಹೋದುದನ್ನೂ, ಬಾಣ ಬಿಟ್ಟುದನ್ನೂ, ಋಷಿಯ ದೇಹದಿಂದ ಅದನ್ನು ತನ್ನ ಕೈಯಿಂದಲೇ ಕಿತ್ತುದನ್ನೂ ಪೂರ್ತಿಯಾಗಿ ಓದಿಹೇಳಿ.